ಕೆಂಪವ್ವನ ಗಿಲಕಿ

ನಮ್ಮ ಸೋದರಮಾವನ ಮಾತು ಅರ್ಥವಾಗುತ್ತಿದ್ದದ್ದು ಇಡೀ ಚನ್ನಪಟ್ಟಣದಲ್ಲಿ ಇಬ್ಬರಿಗೆ ಮಾತ್ರ. ಒಬ್ಬರು ನಮ್ಮತ್ತೆ, ಇನ್ನೊಂದು ಕೋತಿ. ಅತ್ತೆ ಅರ್ಥವಾದರೂ ಒಪ್ಪುವವರಲ್ಲ. ಹಾಗಾಗಿ ಮಾವ ಹೆಚ್ಚಾಗಿ ಕೋತಿಯ ಜೊತೆಗೇ ಮಾತಾಡುತ್ತಿದ್ದರು!

ಮಾವ ಬೊಂಬೆ ಮಾಡುವವರು. ಒಂದು ದಿನ ಅಂಗಳದಲ್ಲಿಟ್ಟಿದ್ದ ಮರದ ಗಿಲಕಿಯೊಂದನ್ನು ಮುದಿ ಹೆಣ್ಣುಕೋತಿಯೊಂದು ಎತ್ತಿಕೊಂಡು ಹೋಗಿ ಹೆಂಚಿನ ಮೇಲೆ ಕೂತು ಆಡಿಸಿತು. ಬೇರೆಯವರಾಗಿದ್ದರೆ ಕಲ್ಲು ಬೀರುತ್ತಿದ್ದರು. ಮಾವ ಇನ್ನೊಂದು ಗಿಲಕಿ ಹಿಡಿದು ಉತ್ತರ ಕೊಟ್ಟರು! ಇವರು ಎರಡು ಸಲ ಆಡಿಸಿದರೆ ಅದೂ ಎರಡು ಸಲ.

"ನೋಡ್ಲಾ, ತಾಳ ಹಿಡೀತಾವ್ಳೆ!" ಅಂತ ನನ್ನ ಬೆನ್ನಿಗೆ ಗುದ್ದಿದರು.

ಮಾರನೆಯ ದಿನ ನೋಡಿದರೆ ಗಿಲಕಿ ಒಡೆದು, ಒಳಗಿದ್ದ ಹುಣಸೆಬೀಜವನ್ನೆಲ್ಲ ತಿಂದು ಮುಗಿಸಿತ್ತು. ವಾದ್ಯವನ್ನೇ ತಿನ್ನುವ ವಿದ್ವಾಂಸರನ್ನು ನೀವು ಕಂಡಿದ್ದೀರಾ? ಮಾವನಿಗೆ ಮಾತ್ರ ಒಂದಿಷ್ಟೂ ಬೇಸರವಿಲ್ಲ.

"ತಪ್ಪು ನಂದೇ ಕಣ್ಲಾ. ಹಸ್ದೋರ ಕೈಗೆ ಕಾಳು ತುಂಬಿ ಕೊಟ್ಟು ಹಾಡು ಅಂದ್ರೆ ಹಾಡ್ತಾರಾ?"

ಹೊಸ ಗಿಲಕಿಗೆ ಸಣ್ಣ ಕಲ್ಲು ತುಂಬಿ ಕೊಟ್ಟರು. ಕೋತಿಗೆ ಕೆಂಪವ್ವ ಅಂತ ಹೆಸರನ್ನೂ ಇಟ್ಟರು.

ಆಮೇಲೆ ಶನಿವಾರದ ಭಜನೆಗೂ ಕೆಂಪವ್ವ ಹಾಜರು. ಆಂಜನೇಯನ ಗುಡಿಯ ಗೋಡೆ ಮೇಲೆ ಕೂತು, ಮಾವ ತಾಳ ತಟ್ಟಿದಾಗಲೆಲ್ಲ ಗಿಲಕಿ ಆಡಿಸುತ್ತಿದ್ದಳು. "ತಬಲದೋನು ತಪ್ದ, ಅವ್ಳು ತಪ್ಲಿಲ್ಲ" ಅಂತ ಮಾವ ಎಲ್ಲರೆದುರೇ ಹೇಳಿಬಿಟ್ಟರು. ತಬಲದವನು ಎರಡು ವಾರ ಭಜನೆಗೇ ಬರಲಿಲ್ಲ!

"ಅಲ್ಲಾ, ನಾನು ಕೂಗುದ್ರೆ ಓಗೊಡಾಕಿಲ್ಲ, ಆ ಮೂತಿಗಾದ್ರೆ ಓಡ್ಬತ್ತೀರಲ್ಲ!" ಎಂದು ಅತ್ತೆ ಗೊಣಗುವರು.

"ಅವ್ಳು ತಾಳಕ್ಕೆ ಸರ್ಯಾಗಿ ಕರೀತಾಳೆ ಕಣೇ" ಎಂದು ಮಾವ.

ಆದರೆ ಕೆಂಪವ್ವನ ಹಿಂದೆ ಅವಳ ದಂಡೂ ಇತ್ತಲ್ಲ! ಹೆಂಚು ಒಡೆಯಿತು, ತಟ್ಟೆಯ ಇಡ್ಲಿ ಮಾಯವಾಯಿತು, ಕೊನೆಗೆ ದಂಡಿನ ಕೋತಿಯೊಂದು ಮಗುವಿನ ಕೈ ಪರಚಿತು. ಬೀದಿಯವರು ಸೇರಿ ಕೋತಿ ಹಿಡಿಯುವವನನ್ನು ಕರೆಸಿದರು. ದೂರದ ಕಾಡಿಗೆ ಬಿಡುತ್ತಾನಂತೆ. ಮಗುವಿನ ಕೈ ನೋಡಿದ್ದ ಮಾವ ಬೇಡ ಅನ್ನಲಾರದೆ ಹೋದರು.

ಬೋನಿಟ್ಟರು, ಬಾಳೆಹಣ್ಣಿಟ್ಟರು. ಒಂದು ಕೋತಿಯೂ ಹತ್ತಿರ ಸುಳಿಯಲಿಲ್ಲ. ಹಿಡಿಯುವವನು ಮಾವನ ಜಗಲಿಗೆ ಬಂದ.

"ಯಜಮಾನ್ರೇ, ಒಸಿ ಗಿಲಕಿ ಆಡ್ಸಿ. ಆ ಮುದುಕಿ ಬಂದ್ರೆ ಮಿಕ್ಕವೂ ಬತ್ತವೆ."

ಮಾವ ಗಿಲಕಿಯನ್ನು ಮುಷ್ಟಿಯಲ್ಲಿ ಹಿಡಿದು, "ಕೈ ನೋಯ್ತೈತೆ ಕಣಪ್ಪ" ಎಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಎದುರಿನ ಹುಣಸೆಮರದಿಂದ ಗಿಲಕಿಯ ಸದ್ದು ಬಂತು. ಎರಡು ಸಲ. ಕೆಂಪವ್ವ! ಉತ್ತರವಿಲ್ಲದೆ ಮತ್ತೆ ಎರಡು ಸಲ. ಇಷ್ಟು ದಿನ ಒಂದು ಕರೆಯನ್ನೂ ತಪ್ಪಿಸದ ಮಾವ ತಲೆ ತಗ್ಗಿಸಿ ಕೂತರು. ಮುಷ್ಟಿಯಲ್ಲಿದ್ದ ಗಿಲಕಿ ಇನ್ನೇನು ಸದ್ದು ಮಾಡಿಬಿಡುವಂತಿತ್ತು.

ಆಗ ಒಳಗಿಂದ ಅತ್ತೆ ಬಂದರು. ಮಾವನ ಪಕ್ಕ ಕೂತು, ಆ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಅದುಮಿ ಹಿಡಿದು ಮೆಲ್ಲಗೆ ಅಂದರು:

"ಗಟ್ಟಿಯಾಗಿ ಇಡ್ಕಳಿ. ಸದ್ದಾದಾತು."

ಕೆಂಪವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ದಂಡು ಕಟ್ಟಿಕೊಂಡು ಊರಾಚೆಯ ತೋಪಿನ ಕಡೆ ಹೊರಟುಹೋದಳು. ಅತ್ತೆ ಮಾತ್ರ ಇನ್ನೂ ಕೈ ಬಿಟ್ಟಿರಲಿಲ್ಲ.