ಧರ್ಮರಾಯನ ಮೆಲುದನಿ

ಇನ್ನು ಮುಂದೆ ಸುಳ್ಳು ಹೇಳುವುದಿಲ್ಲ! ಯುಗಾದಿಯ ದಿನ ಬೇವುಬೆಲ್ಲ ಬಾಯಲ್ಲಿಟ್ಟುಕೊಂಡೇ ಘೋಷಿಸಿದೆ. ರಾಮಾಯಣ, ಮಹಾಭಾರತದ ನೀತಿಯೆಲ್ಲ ನನಗೆ ಕರತಲಾಮಲಕ ಸ್ವಾಮಿ. ಅದರಲ್ಲೂ ಧರ್ಮರಾಯನೆಂದರೆ ಪಂಚಪ್ರಾಣ. ಸತ್ಯದ ಬಲದಿಂದ ಅವನ ರಥ ನೆಲಕ್ಕೆ ತಾಗದೆ ಓಡುತ್ತಿತ್ತಂತೆ. ದಿನಾ ಪೀಣ್ಯದ ಗುಂಡಿಗಳಲ್ಲಿ ಸ್ಕೂಟರ್ ಓಡಿಸುವವನಿಗೆ ಇದಕ್ಕಿಂತ ದೊಡ್ಡ ವರ ಬೇಕೆ?

"ಧರ್ಮರಾಯ ಆಗೂದಾದ್ರ ಆಗ್ರಿ. ನನ್ನನ್ನ ಪಣಕ್ಕ ಇಡಬ್ಯಾಡ್ರಿ, ಅಷ್ಟ!" ಎಂದಳು ನನ್ನ ಹುಬ್ಬಳ್ಳಿಯ ಹೆಂಡತಿ ನೀಲಾಂಬಿಕಾ.

ವ್ರತ ಒಂದು ವಾರ ಸುಸೂತ್ರವಾಗಿ ನಡೆಯಿತು. ಅಷ್ಟರಲ್ಲಿ ಆ ಶುಭದಿನ ಬಂತು. ಸಂಕ್ರಾಂತಿಗೆಂದು ದಾಸರಹಳ್ಳಿಯ ನಮ್ಮ ಸಣ್ಣ ಮನೆಗೆ ಬಂದಿದ್ದ ಅತ್ತೆ ರುಕ್ಮವ್ವನವರು ಕೊನೆಗೂ ಊರಿಗೆ ಹೊರಟರು! ಅಲ್ಲಿಯವರೆಗೆ ಮಂಚ ಅವರದು, ಟಿವಿ ಅವರದು, ಫ್ಯಾನಿನ ಗಾಳಿಯೂ ಅವರದೇ. ನಾನು ಅಡುಗೆಮನೆಯ ಬಾಗಿಲಲ್ಲಿ ಚಾಪೆ ಹಾಸಿಕೊಂಡು ವನವಾಸದಲ್ಲಿದ್ದೆ. ಬೆಳಿಗ್ಗೆ ನೀಲಾ ತಾಯಿಯನ್ನು ಆಟೋದಲ್ಲಿ ಯಶವಂತಪುರ ಸ್ಟೇಷನ್ನಿಗೆ ಕರೆದುಕೊಂಡು ಹೋದಳು. ನಾನು ಮಂಚದ ಮೇಲೆ ಬಿದ್ದೆ. ಆಹಾ! ಏಳಲು ಮನಸ್ಸೇ ಬರಲಿಲ್ಲ.

ಫೋನ್ ಹೊಡೆದುಕೊಂಡಿತು. ನಮ್ಮ ಫ್ಯಾಕ್ಟರಿಯ ಮ್ಯಾನೇಜರ್ ಶಿವಶಂಕರ್, ರಜೆ ಎಂದರೆ ಉರಿದುಬೀಳುವ ಮನುಷ್ಯ.

"ಎಲ್ಲಿದೀಯ ಗುರುರಾಜ್? ಶಿಫ್ಟ್ ಶುರುವಾಯ್ತು ಕಣಯ್ಯ!"

ಹೊಟ್ಟೆನೋವು ಎನ್ನೋಣವೆಂದರೆ ವ್ರತ ಅಡ್ಡ ಬಂತು. ಆಗ ಧರ್ಮರಾಯನೇ ದಾರಿ ತೋರಿಸಿದ. ದ್ರೋಣರ ಮುಂದೆ ‘ಅಶ್ವತ್ಥಾಮ ಸತ್ತ’ ಎಂದು ಜೋರಾಗಿ ಹೇಳಿ, ‘ಅಂದರೆ ಆನೆ’ ಎಂದು ಮೆಲ್ಲಗೆ ಗೊಣಗಿದವನಲ್ಲವೇ ಅವನು?

"ಸಾರ್, ಬೆಳಿಗ್ಗೆ ನಮ್ಮತ್ತೆ ಹೋಗ್ಬಿಟ್ರು!" ಎಂದೆ ಜೋರಾಗಿ. "ಹುಬ್ಬಳ್ಳಿಗೆ," ಎಂದೆ ದಿಂಬಿನೊಳಗೆ.

"ಅಯ್ಯೋ ಶಿವನೇ! ನೀನ್ ಬರ್ಬೇಡ, ನಾನೇ ಬರ್ತೀನಿ," ಎಂದು ಫೋನ್ ಇಟ್ಟೇಬಿಟ್ಟರು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಬಂದರು, ಕೈಯಲ್ಲಿ ಸುಗಂಧರಾಜದ ದಪ್ಪ ಹಾರ ಹಿಡಿದುಕೊಂಡು! ಕುರ್ಚಿಯಲ್ಲಿ ಕುಸಿದು, ಕರ್ಚೀಫು ತೆಗೆದು ನಿಜವಾಗಿಯೂ ಅಳತೊಡಗಿದರು.

"ನಮ್ಮಮ್ಮನೂ ಹಿಂಗೇ ಕಣೋ. ಒಂದ್ ಮಾತೂ ಹೇಳ್ದೆ ಹೋಗ್ಬಿಟ್ರು."

ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದದ್ದಾಗಲಿ, ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನೀಲಾಳ ಫೋನ್! ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

"ರೀ, ಗೊರಗುಂಟೆಪಾಳ್ಯದ ಟ್ರಾಫಿಕ್ನಾಗ ಸಿಕ್ಕು ಎಲ್ಲಾ ಮುಗದ್ಹೋತು! ಅವ್ವನ್ನ ವಾಪಸ್ ಮನೀಗೇ..." ಅಷ್ಟಕ್ಕೇ ಕರೆ ಕಡಿಯಿತು.

ರೈಲು ತಪ್ಪಿದೆ ಎಂದು ನನಗೆ ತಿಳಿಯಿತು. ಶಿವಶಂಕರ್‌ಗೆ ತಿಳಿದದ್ದೇ ಬೇರೆ.

"ಮನೆಗೇ ತರ್ತಿದಾರಾ? ಆಂಬುಲೆನ್ಸಾ?"

"ಆಟೋ ಸಾರ್."

"ಥೂ, ಆಂಬುಲೆನ್ಸೂ ಸಿಗ್ಲಿಲ್ವಾ ಪಾಪ!" ಅವರ ಅಳು ಇಮ್ಮಡಿಯಾಯಿತು. ಭೂಮಿ ಬಾಯಿಬಿಟ್ಟು ಸೀತೆಯನ್ನು ಕರೆದುಕೊಂಡಿತಂತೆ. ನಾನೂ ನೆಲ ನೋಡಿದೆ. ಮೊಸಾಯಿಕ್ ನೆಲ, ಅಲುಗಾಡಲಿಲ್ಲ.

ಬಾಗಿಲು ತೆರೆಯಿತು. ಬ್ಯಾಗು ಹಿಡಿದ ನೀಲಾಳ ಮುಂದೆ ಸಾಕ್ಷಾತ್ ರುಕ್ಮವ್ವ!

"ಯಾರಿಗ್ರೀ ಹಾರ?"

"ಗುರುರಾಜ್ ಅವ್ರ... ಅತ್ತೆಗೆ," ಎಂದು ಶಿವಶಂಕರ್ ತೊದಲಿದರು.

"ನಾನ ಅವರತ್ತಿ! ಹಾಕ್ರಿ ಮತ್ತ!" ಅತ್ತೆ ಖುಷಿಯಿಂದ ಕತ್ತು ಬಗ್ಗಿಸಿದರು. ಮ್ಯಾನೇಜರು ಹಾರ ಹಾಕಿ ನನ್ನತ್ತ ತಿರುಗಿದರು.

"ಹೋಗ್ಬಿಟ್ರು ಅಂದ್ಯಲ್ಲೋ!"

"ಹುಬ್ಬಳ್ಳಿಗೆ ಅಂತ ಮೆಲ್ಲಗೆ ಹೇಳ್ದೆ ಸಾರ್. ಧರ್ಮರಾಯನ ಥರ."

"ಆ ಒಂದ್ ಮಾತಿಗೆ ಧರ್ಮರಾಯನ್ಗೂ ನರಕ ತೋರಿಸಿದ್ರು ಕಣೋ! ನಿಂಗೆ ನಾಳೆಯಿಂದ ನೈಟ್ ಶಿಫ್ಟು!" ಕಣ್ಣೊರೆಸಿಕೊಳ್ಳುತ್ತಲೇ ಹೊರಟುಹೋದರು.

ನೀಲಾ ನನ್ನನ್ನು ನೋಡಿದ ನೋಟಕ್ಕೆ ಆ ನರಕವೇ ವಾಸಿ. ಹೋಗಿ ಅತ್ತೆಯ ಕಾಲು ಹಿಡಿದೆ.

"ತಪ್ಪಾಯ್ತು ಅತ್ತೆ. ನಾಳೆ ಖುದ್ದು ನಾನೇ ನಿಮ್ಮನ್ನ ರೈಲು ಹತ್ತಿಸ್ತೀನಿ."

ಅತ್ತೆ ಹಾರ ಸರಿಮಾಡಿಕೊಂಡು ಮಂಚದ ಮೇಲೆ ಕಾಲು ಚಾಚಿದರು.

"ನಾ ಒಮ್ಮೆ ಹೋದಾಕಿ ಅಳಿಯಂದ್ರ. ಮತ್ತೆಲ್ಲಿಗ್ ಹೋಗ್ಲಿ?"