ಹುಲ್ಲಯ್ಯನ ಅಪರೂಪದ ಹೂವು

ಕಾಡಿನ ನಡುವೆ ಮರವೇ ಇಲ್ಲದ ಒಂದು ಬಯಲು. ಒಣ ನೆಲ, ಮೊಣಕಾಲುದ್ದ ಹುಲ್ಲು, ಹುಲ್ಲಿನ ಬುಡದಲ್ಲಿ ಸಾಸಿವೆಯಷ್ಟು ನೀಲಿ ಹೂ ಬಿಡುವ ಒಂದು ಬಡಕಲು ಗಿಡ. ಇದು ಇನ್ನೆಲ್ಲೂ ಬೆಳೆಯೋದಿಲ್ಲ ಅಂತ ಮೇಲಿನವರಿಗೆ ಬರೆದು ಬರೆದು, ಅದನ್ನು ಕಾಯುವ ಹಂಗಾಮಿ ಕೆಲಸದಲ್ಲೇ ಆರು ವರ್ಷ ಸವೆಸಿದ ಮಹಾನುಭಾವನಿಗೆ ಕಚೇರಿಯವರು ಇಟ್ಟ ಹೆಸರು ಹುಲ್ಲಯ್ಯ. ದಿನಾ ಸಂಜೆ ಬಯಲಿಂದ ಬಂದು, ಕಚೇರಿ ಮೆಟ್ಟಿಲ ಮೇಲೆ ಕೂತು, ಕಾಲುಚೀಲಕ್ಕೆ ಅಂಟಿದ ಬೀಜಗಳನ್ನು ಕಿತ್ತೆಸೆಯುತ್ತಾ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತ ಎಲ್ಲರನ್ನೂ ಹಳಿಯುವುದು ಅವನ ಪದ್ಧತಿ.

ಇವತ್ತು ದೊಡ್ಡ ಸಾಹೇಬರು ಬರುವವರಿದ್ದರು. ಹೂವನ್ನು ಕಣ್ಣಾರೆ ಕಂಡರೆ ಕೆಲಸ ಕಾಯಂ, ಇಲ್ಲದಿದ್ದರೆ ನಾಳೆಯಿಂದ ಮನೆ. ಕಾಯಂ ಆಗದಿದ್ದರೆ ನಮ್ಮಪ್ಪನ ಅಂಗಡಿಯಲ್ಲಿ ತಕ್ಕಡಿ ಹಿಡೀರಿ ಅಂತ ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು.

ಸಾಹೇಬರು ಬಯಲು ನೋಡೋಕೆ ಬರ್ತಾರೆ ಅಂತ ಹುಲ್ಲಯ್ಯ ಕಚೇರಿಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಅವನು ಒಳಗೆ ಕೂತು ಚೆಂದದ ಅಕ್ಷರದಲ್ಲಿ ಗಿಡದ ಹೆಸರಿನ ಫಲಕ ಬರೆಯುವಷ್ಟರಲ್ಲಿ ಗುಮಾಸ್ತ ಆಳುಗಳನ್ನು ಕರೆದುಕೊಂಡು ಬಯಲಿಗೆ ಹೋಗಿದ್ದ. ಹುಲ್ಲಯ್ಯ ಹೋಗಿ ನೋಡಿದರೆ ಬಯಲು ಆಗತಾನೇ ಬೋಳಿಸಿದ ತಲೆಯ ಹಾಗಿತ್ತು. ನಡುವೆ ಒಂದು ಕುರ್ಚಿ, ಅತ್ತಿತ್ತ ಕಚೇರಿಯ ಕ್ರೋಟನ್ ಕುಂಡಗಳು. ಬುದ್ಧಿ ಹಂಚುವ ದಿನ ರಜೆ ಹಾಕಿದ್ದ ಗುಮಾಸ್ತ ಶಭಾಷ್‌ಗಿರಿಗೆ ಕಾದು ನಿಂತಿದ್ದ.

"ಬುಡಸಮೇತ ಕೆರೆಸಿದೀನಿ. ಸಾಹೇಬರ ಕಾಲಿಗೆ ಮುಳ್ಳು ಚುಚ್ಚಬಾರದಲ್ಲ?"

ಹುಲ್ಲೆಲ್ಲಿ ಅಂತ ಕೇಳಿದರೆ, ಡ್ರೈವರು ತನ್ನ ಎಮ್ಮೆಗೆ ಹಾಕಿದ್ದ. ಹುಲ್ಲಯ್ಯ ಎದ್ದೆನೋ ಬಿದ್ದೆನೋ ಅಂತ ಕೊಟ್ಟಿಗೆಗೆ ಓಡಿದ. ಎಮ್ಮೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅಂತಾರೆ, ಇವನಿಗೆ ಆ ಕಡ್ಡಿಯೂ ಉಳಿಯಲಿಲ್ಲ.

ವಾಪಸ್ಸು ಬರುವ ಹೊತ್ತಿಗೆ ಸಾಹೇಬರು ಕಚೇರಿ ಬಾಗಿಲಲ್ಲಿ ಫೈಲಿನ ಚಿತ್ರ ಹಿಡಿದು, ಎಲ್ರೀ ಹೂವು ಅಂತ ಕೇಳುತ್ತಿದ್ದರು. ಕಚೇರಿಯ ಕಸ ಗುಡಿಸುವ ಅಕ್ಕ ಚಿತ್ರಕ್ಕೆ ಇಣುಕಿ, ಪೊರಕೆಯಿಂದಲೇ ಮೆಟ್ಟಿಲ ಸಂದಿ ತೋರಿಸಿದಳು. ಅಲ್ಲಿ ನೀಲಿ ಹೂ, ಒಂದಲ್ಲ, ಹತ್ತಾರು.

ಸಾಹೇಬರು ಬಗ್ಗಿ, ಕನ್ನಡಕ ಏರಿಸಿ, ಎಲೆ ಎಣಿಸಿ, ಅದೇ ಅಂದರು. ಹುಲ್ಲಯ್ಯನಿಗೆ ಹೋದ ಜೀವ ಬಂತು. ಮನಸ್ಸಿನಲ್ಲೇ ಮಾವನ ತಕ್ಕಡಿಗೆ ಕೈಮುಗಿದ.

ಸಾಹೇಬರು ಅಕ್ಕನತ್ತ ತಿರುಗಿದರು. "ಇದು ಇಲ್ಲಿ ಯಾವಾಗಿಂದ ಇದೆಯಮ್ಮಾ?"

"ಐದಾರು ವರ್ಷ ಆಯ್ತು ಸಾರ್. ವಾರಕ್ಕೊಂದು ಸಲ ಕೀಳ್ತೀನಿ, ಹಾಳಾದ್ದು ಕಿತ್ತಷ್ಟೂ ಬರುತ್ತೆ."

ಸಾಹೇಬರು ಅಲ್ಲೇ ಜೇಬಿನಿಂದ ಪೆನ್ನು ತೆಗೆದು ಫೈಲಿನ ಮೇಲೆ ಬರೆದರು: ಸಾಮಾನ್ಯ ಕಳೆ, ಕಾವಲು ಅನಗತ್ಯ.

ಜೀಪು ಹೋದ ಮೇಲೆ ಹುಲ್ಲಯ್ಯ ಅದೇ ಮೆಟ್ಟಿಲ ಮೇಲೆ ಕುಸಿದು ಕೂತ. ಕೈ ತನ್ನಷ್ಟಕ್ಕೆ ಕಾಲುಚೀಲಕ್ಕೆ ಹೋಯಿತು. ಅಕ್ಕ ಪೊರಕೆ ಅಡ್ಡ ಹಿಡಿದಳು.

"ಇವತ್ತಾದರೂ ಆ ಬೀಜ ಇಲ್ಲಿ ಉದುರಿಸಬೇಡಪ್ಪಾ. ಆರು ವರ್ಷದಿಂದ ನೀನು ಬಿತ್ತಿದ್ದನ್ನು ಕಿತ್ತು ಕಿತ್ತು ನನ್ನ ಸೊಂಟ ಬಿದ್ದುಹೋಗಿದೆ."