ತಿಕೋಟಾದ ಗೋಡೆಯ ಮೇಲೆ ನನ್ನ ಹೆಸರು

ಗಂಡಂದಿರಿಗೆ ಥರಾವರಿ ಹುಚ್ಚುಗಳಿರುತ್ತವೆ. ಕೆಲವರಿಗೆ ಇಸ್ಪೀಟು, ಕೆಲವರಿಗೆ ರಾಜಕಾರಣ. ನಮ್ಮವರಿಗೆ ಲೇಸರ್. ನಾನು ಸಾರಿಗೆ ಉಪ್ಪು ಹಾಕುತ್ತಿರುವಾಗ ಅಡುಗೆಮನೆಯ ಗೋಡೆಯ ಮೇಲೆ ಇದ್ದಕ್ಕಿದ್ದಂತೆ ಹಸಿರು ನವಿಲೊಂದು ಗರಿ ಬಿಚ್ಚುತ್ತದೆ. ನಾನು ಬೆಚ್ಚಿ ಇನ್ನೊಂದು ಚಮಚ ಉಪ್ಪು ಹಾಕುತ್ತೇನೆ. ಊಟಕ್ಕೆ ಕೂತಾಗ "ಉಪ್ಪ ಜಾಸ್ತಿ ಆಗೇತಲ್ಲ" ಎಂದು ಮುಖ ಹಿಂಡುವವರೂ ಅವರೇ. (ನವಿಲು ಮಾತ್ರ ಯಾವ ದೂರೂ ಹೇಳುವುದಿಲ್ಲ.)

ನಮ್ಮವರೆಂದರೆ ಚಂದ್ರಕಾಂತ. ವಿಜಯಪುರದ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರು. ಇವರ ಹಾಗೆ ಮನೆಯಲ್ಲೇ ಲೇಸರ್ ಯಂತ್ರ ಜೋಡಿಸಿಕೊಂಡು ಕೂರುವ ಗಂಡಸರದ್ದೊಂದು ಬಳಗವಿದೆ. ಸೋಲಾಪುರ, ಬಾಗಲಕೋಟೆ, ಕಲಬುರಗಿಯವರೆಲ್ಲ ವರ್ಷಕ್ಕೊಮ್ಮೆ ಒಂದೂರಲ್ಲಿ ಕೂಡುತ್ತಾರೆ. ಕರೆದ ಊರಿನವರು ಬೆಳಕಿನ ಆಟ ತೋರಿಸಿ ಊಟ ಹಾಕಬೇಕು. ಆಟದ ಕೊನೆಗೆ, ಅದನ್ನು ನಿರ್ದೇಶಿಸಿದವರ ಹೆಸರನ್ನು ಲೇಸರ್‌ನಲ್ಲೇ ಗೋಡೆಯ ಮೇಲೆ ಬರೆದು, ಶಾಲು ಹೊದಿಸುವುದು ಅವರ ಪದ್ಧತಿ. ಈ ಸಲ ಸರದಿ ನಮ್ಮದು. ಜಾಗ, ಇವರ ಗೆಳೆಯ ದಾವಲಸಾಬರ ತಿಕೋಟಾದ ತೋಟ. ಅಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ಡು ಹಂಗಾಮು ಮುಗಿದು ಖಾಲಿ ಬಿದ್ದಿತ್ತು. ಅದರ ಎದುರಿಗೆ ಗೋದಾಮಿನ ಉದ್ದನೆಯ ಬಿಳಿ ಗೋಡೆ.

"ಮೂರ ಯಂತ್ರ, ಭಾಗೀ," ಎಂದರು ಇವರು, ಯುದ್ಧದ ನಕ್ಷೆ ಬಿಡಿಸುವ ಸೇನಾಪತಿಯ ಠೀವಿಯಲ್ಲಿ. "ನಂದು, ದಾವಲಸಾಬಂದು, ಬಬಲೇಶ್ವರದ ಅನೂಪಂದು. ಮೂರೂ ಒಂದ ಉಸಿರಿನ್ಯಾಗ ಕೆಲಸ ಮಾಡ್ಬೇಕು. ಒಂದ ಚೂರು ಹಿಂದ ಮುಂದ ಆತಂದ್ರ ಮಾನ ಹೋಗ್ತೈತಿ."

"ನಲವತ್ತ ಮಂದಿಗೆ ಊಟ?"

"ಅದರಾಗೇನೈತಿ? ನೀವ ಹೆಣ್ಮಕ್ಕಳು ಕೂಡಿ ಮಾಡ್ತೀರಿ."

ಅದರಾಗೇನೈತಿ! ಮೂರು ಯಂತ್ರಗಳನ್ನು ಹೊಂದಿಸಲು ಇವರಿಗೆ ಎರಡು ತಿಂಗಳು, ಒಂದು ಲ್ಯಾಪ್‌ಟಾಪು, ಮೇಲಿಂದ ಮೇಲೆ ಚಹಾ. ನಾನು ದಿನಾ ಬೆಳಿಗ್ಗೆ ಒಲೆಯ ಮೇಲಿನ ಹಾಲು, ನಲ್ಲಿಗೆ ಬರುವ ನೀರು, ಅತ್ತೆಯ ಬಿಪಿ ಗುಳಿಗೆ, ಮಗಳ ಡಬ್ಬಿ, ಇವರ ಕಾಣೆಯಾದ ಸಾಕ್ಸು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೊಂದಿಸುತ್ತೇನೆ. ನನಗೆ ಇಷ್ಟು ವರ್ಷದಲ್ಲಿ ಯಾರೂ ಒಂದು ಕರವಸ್ತ್ರವನ್ನೂ ಹೊದಿಸಿಲ್ಲ.

ನಮ್ಮ ಅಥಣಿ ರಸ್ತೆಯ ಮನೆಯ ಮಾಳಿಗೆಯ ಮೇಲೆ ಪರೀಕ್ಷೆ ನಡೆಯಿತು. ಆಟದ ಮುಖ್ಯ ದೃಶ್ಯ ದ್ರಾಕ್ಷಿಬಳ್ಳಿ. ಎಡಗಡೆಯ ಯಂತ್ರದಿಂದ ಬಳ್ಳಿ ಹುಟ್ಟಬೇಕು, ನಡುವಿನದರಲ್ಲಿ ಎಲೆ ಬಿಟ್ಟು ಹಬ್ಬಬೇಕು, ಬಲಗಡೆಯದರಲ್ಲಿ ಗೊಂಚಲು ತೂಗಬೇಕು. ಆದರೆ ಮೂರು ಮನೆಗಳಲ್ಲಿ ಮೂರು ಥರ ಹುಟ್ಟಿದ ಯಂತ್ರಗಳು ಒಂದು ಲ್ಯಾಪ್‌ಟಾಪಿನ ಮಾತು ಕೇಳುತ್ತವೆಯೇ? ಎಡಗಡೆ ಬೀಜ ಮೊಳೆಯುವ ಮೊದಲೇ ಬಲಗಡೆ ಗೊಂಚಲು ಜೋತುಬಿತ್ತು.

ಅತ್ತೆ ದುಂಡವ್ವ ಹೊರಸಿನ ಮೇಲೆ ಕೂತು ನೋಡುತ್ತಿದ್ದರು. "ಲೇ ಚಂದ್ರ್ಯಾ, ಬಳ್ಳಿ ಹುಟ್ಟೂಕಿಂತ ಮೊದಲ ಹಣ್ಣ ಬಿಟ್ಟಾವಲ್ಲೋ! ಈ ತಳಿ ದಾವಲಸಾಬಗ ಕೊಡು, ಉದ್ಧಾರ ಆಗ್ತಾನ."

ಇವರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು.

"ಲ್ಯಾಪ್‌ಟಾಪ್ ಬಿಡ್ರಿ. ಒಂದೊಂದ ಯಂತ್ರದ ಮುಂದ ಒಬ್ಬೊಬ್ಬರು ನಿಂದರ್ಲಿ. ನಾ ಸೀಟಿ ಊದತೇನಿ. ಊದಿದ ಕೂಡಲೇ ಮೂರೂ ಮಂದಿ ಗುಂಡಿ ಒತ್ತಲಿ, ಮುಂದಿನ ಚಿತ್ರ ಬರಲಿ."

"ಯಾರ ಒತ್ತತಾರ? ಅನೂಪಗ ನಿಂತಲ್ಲೇ ಫೋನ್ ಬರ್ತಾವು. ದಾವಲಸಾಬ ಬಂದವರನ್ನ ಮಾತಾಡಸೂದ್ರಾಗ ಇರ್ತಾನ."

"ನಾವ ಒತ್ತತೇವಿ. ಆಟ ನಮ್ದು, ಅಡಗಿ ನಿಮ್ದು. ಗೋಡಿ ಮ್ಯಾಲ ಹೆಸರು ನಂದು."

ಮಾನ ಹೋಗುವ ದಿನ ಹತ್ತಿರ ಬಂದಿತ್ತು, ಇವರು ಒಪ್ಪಿದರು. ನಿಮಗೆ ಇದು ಸಣ್ಣ ಆಸೆ ಎನಿಸಬಹುದು. ನಮ್ಮ ಮನೆಯ ಬಾಗಿಲ ಮೇಲಿನ ಹೆಸರು ಇವರದು. ಗಾಡಿ, ನಲ್ಲಿ, ಕರೆಂಟು ಇವರ ಹೆಸರಿನಲ್ಲಿ. ನನ್ನ ಹೆಸರು ಅಚ್ಚಾಗಿರುವುದು ಗ್ಯಾಸ್ ಪುಸ್ತಕದಲ್ಲಿ ಮಾತ್ರ. ಭಾಗೀರಥಿ ಎಂಬ ನಾಲ್ಕಕ್ಷರ ಆಳೆತ್ತರಕ್ಕೆ ಬೆಳಕಿನಲ್ಲಿ ಬರುವುದನ್ನು ಒಮ್ಮೆ ಕಣ್ತುಂಬ ನೋಡಬೇಕು, ಅಷ್ಟೇ.

ನನ್ನ ಸೈನ್ಯ ಸಿದ್ಧವಾಯಿತು. ಎಡಕ್ಕೆ ದಾವಲಸಾಬರ ಹೆಂಡತಿ ಅಬೇದಾ, ಬಲಕ್ಕೆ ಅನೂಪನ ಹೆಂಡತಿ ಸ್ನೇಹಲ. ನಡುವಿನ ಯಂತ್ರಕ್ಕೆ ಮಗಳನ್ನು ನಿಲ್ಲಿಸೋಣವೆಂದರೆ ಅವಳಿಗೆ ಪರೀಕ್ಷೆ.

"ನಾ ಇದ್ದೇನಲ್ಲ!" ಎಂದರು ಅತ್ತೆ. "ಗುಂಡಿ ಒತ್ತೂದ ಐತೇನ ಇಲ್ಲ? ಹಿಟ್ಟ ನಾದಿ ನಾದಿ ಈ ಹೆಬ್ಬಟ್ಟಿನ್ಯಾಗ ಭಾಳ ಶಕ್ತಿ ಐತಿ ಬೇ."

ತಾಲೀಮಿನಲ್ಲಿ ಬಳ್ಳಿ ಹುಟ್ಟಿತು, ಹಬ್ಬಿತು, ಆಮೇಲೆಯೇ ಹಣ್ಣು ಬಿಟ್ಟಿತು. ಇವರಿಗೆ ಸಂತೋಷವೋ ಹೊಟ್ಟೆಕಿಚ್ಚೋ, ಎರಡು ಲೋಟ ನೀರು ಕುಡಿದರು.

ಕೂಟದ ದಿನ ತಿಕೋಟಾದಲ್ಲಿ ಗಂಡಸರ ಅಡುಗೆ ನೋಡುವಂತಿತ್ತು. ದೊಡ್ಡ ಹಂಡೆಯಲ್ಲಿ ಅನ್ನ ಮಾಡುವ ಧೈರ್ಯ ಒಬ್ಬರಿಗೂ ಇಲ್ಲ. ನಮ್ಮೂರ ಕಡೆಯ ಬಳಗದವರೆಲ್ಲ ತಮ್ಮ ತಮ್ಮ ಮನೆಯ ಕುಕ್ಕರ್ ಎತ್ತಿಕೊಂಡು ಬಂದಿದ್ದರು. ಖಡಕ್ ರೊಟ್ಟಿ ಕೊಂಡು ತಂದಿದ್ದರು. ಶೆಡ್ಡಿನಲ್ಲಿ ಸಾಲಾಗಿ ಒಲೆ, ಒಲೆಯ ಮೇಲೆ ಸಾಲಾಗಿ ಕುಕ್ಕರ್. ಅವುಗಳ ನಡುವೆ ನಮ್ಮವರು ಟವೆಲು ಬಿಗಿದುಕೊಂಡು ಓಡಾಡುತ್ತಿದ್ದರು.

"ಭಾಗೀ, ಬ್ಯಾಳಿಗೆ ನೀರೆಷ್ಟ?"

"ಅದರಾಗೇನೈತಿ?" ಎಂದೆ. (ಆಹಾ, ಆ ಸುಖ!)

ಕತ್ತಲಾಯಿತು. ಕಣ್ಣಿಗೆ ಬೆಳಕು ಬೀಳದಂತೆ ಯಂತ್ರಗಳನ್ನು ಎತ್ತರದಲ್ಲಿ ಬಿಗಿದು, ಜನರನ್ನು ಕೆಳಗೆ ಜಮಖಾನೆಯ ಮೇಲೆ ಕೂರಿಸಿದೆವು. ಹೊಗೆಯಿಲ್ಲದಿದ್ದರೆ ಲೇಸರ್ ಗಾಳಿಯಲ್ಲಿ ಕಾಣುವುದಿಲ್ಲ. ಅಬೇದಾ ಕೆಂಡಕ್ಕೆ ಲೋಬಾನ ಹಾಕಿದಳು. ಘಮಘಮಿಸುವ ಹೊಗೆಯಲ್ಲಿ ಹಸಿರು ಗೆರೆಗಳು ತಂತಿ ಬಿಗಿದಂತೆ ಮೂಡಿದವು. ಹಾಡು ಶುರುವಾಯಿತು. ನಾನು ಸೀಟಿ ಬಾಯಿಗಿಟ್ಟೆ.

ಊದುವ ಮೊದಲೇ ಶೆಡ್ಡಿನಿಂದ ಬಂತು: ಸ್ಸ್ಸ್ಸೂಂಯ್!

ಮೂರು ಹೆಬ್ಬೆರಳು ಒಟ್ಟಿಗೆ ಗುಂಡಿ ಒತ್ತಿದವು. ಗೋಡೆಯ ಮೇಲೆ ಗುಮ್ಮಟ ಎದ್ದಿತು. ಜನ "ವಾಹ್!" ಎಂದರು.

"ಅದು ನಂದಲ್ಲ! ಕುಕ್ಕರಿಂದು!" ಎಂದು ಪಿಸುಗುಟ್ಟಿದೆ.

"ಗೊತ್ತೈತಿ ಅಕ್ಕಾ," ಎಂದಳು ಅಬೇದಾ, "ಕೈ ಕೇಳವಲ್ದು."

"ನನಗೂ ಹಂಗ ಆತು," ಎಂದಳು ಸ್ನೇಹಲ.

ಅತ್ತೆ ಮಾತ್ರ ಗಂಭೀರವಾಗಿದ್ದರು. "ಸುಮ್ನಿರವ್ವಾ, ಮುಂದಿಂದ ಬರ್ತೈತಿ."

ಬಂದೇ ಬಂತು. ಗುಮ್ಮಟ ಕಮಲವಾಯಿತು, ಕಮಲ ನವಿಲಾಯಿತು. ನಾನು ಕೆನ್ನೆ ಉಬ್ಬಿಸಿದಾಗಲೆಲ್ಲ ಯಾವುದೋ ಕುಕ್ಕರ್ ನನಗಿಂತ ಮೊದಲೇ ಊದುತ್ತಿತ್ತು. ಮೂವರೂ ಒಂದು ಕೂದಲೆಳೆಯಷ್ಟೂ ತಪ್ಪದೆ ಒತ್ತುತ್ತಿದ್ದರು. ಅಂಥ ಹೊಂದಾಣಿಕೆ ನನ್ನ ಸೀಟಿಗೆ ತಾಲೀಮಿನಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ಬಳ್ಳಿ ಬಂತು. ಎಲೆ ಹಬ್ಬಿತು, ಗೊಂಚಲು ತೂಗಿತು. ಇನ್ನೊಂದೇ ಸೀಟಿ, ನನ್ನ ಹೆಸರು!

ಆಗ ನಮ್ಮ ಮನೆಯ ಕುಕ್ಕರ್ ಕೂಗಿತು. ಅದರ ದನಿ ನನಗೆ ಜನಸಂದಣಿಯಲ್ಲೂ ಗೊತ್ತಾಗುತ್ತದೆ. ಅದು ಬೇಳೆ ಇಟ್ಟ ಕುಕ್ಕರ್, ಇದು ನಾಲ್ಕನೆಯ ಕೂಗು, ಈಗ ಆರಿಸದಿದ್ದರೆ ತಳ ಹಿಡಿಯುತ್ತದೆ. ಇಷ್ಟನ್ನೂ ನಾನು ಯೋಚಿಸಲಿಲ್ಲ. ಕಾಲೇ ಯೋಚಿಸಿತು. ಎಚ್ಚರವಾದಾಗ ಶೆಡ್ಡಿನಲ್ಲಿ, ಗೋಡೆಗೆ ಬೆನ್ನು ಹಾಕಿ ಒಲೆ ಆರಿಸುತ್ತಿದ್ದೆ. ಸುತ್ತ ಒಬ್ಬ ಗಂಡಸೂ ಇರಲಿಲ್ಲ. ಎಲ್ಲರೂ ಆಟ ನೋಡಲು ಹೋಗಿದ್ದರು. ಹೊರಗೆ ಚಪ್ಪಾಳೆಯೋ ಚಪ್ಪಾಳೆ.

ನಾನು ಸೌಟು ಹಿಡಿದೇ ಓಡಿದೆ. ನನ್ನ ಹೆಸರು ಬಂದು ಹೋಗಿ, ಗೋಡೆ ಆಗಲೇ ಖಾಲಿ. ನಾನು ನಿಲ್ಲಬೇಕಾದ ಜಾಗದಲ್ಲಿ ನಮ್ಮವರು ನಿಂತಿದ್ದಾರೆ, ಹೆಗಲ ಮೇಲೆ ಶಾಲು! ಸೋಲಾಪುರದ ಹಿರಿಯರಾದ ಸುರೇಶ ಕಾಕಾ ಭಾಷಣ ಮಾಡುತ್ತಿದ್ದರು.

"ತಾ ಮಾಡಿದ ಆಟಕ್ಕ ಹೆಂಡತಿ ಹೆಸರ ಬರದಾರ! ಇಂಥಾ ಗಂಡ ಎಲ್ಲಿ ಸಿಗ್ತಾನ ಹೇಳ್ರಿ!"

"ನಾ ಅಲ್ರಿ, ಅಕಿನ ಮಾಡ್ಯಾಳ," ಎಂದರು ಇವರು, ಪಾಪ, ನಿಜವಾಗಿಯೇ.

"ಎಷ್ಟ ವಿನಯ ನೋಡ್ರಿ!" ಎಂದರು ಕಾಕಾ. ಮತ್ತೆ ಚಪ್ಪಾಳೆ.

ನಾನು ಮುಂದೆ ನುಗ್ಗಿದೆ. "ಕಾಕಾ, ನಿರ್ದೇಶನ ನಂದು!"

ಕಾಕಾ ನನ್ನ ಕೈಯ ಸೌಟು ನೋಡಿ ಮೃದುವಾಗಿ ನಕ್ಕರು. "ಹೌದವ್ವಾ? ಹಂಗಾರ ಹೇಳು, ಹಾಡಿನ ತಾಳ ಬಿಟ್ಟು ನಡುವ ಗುಮ್ಮಟ ಎಬ್ಬಿಸಿದ್ಯಲ್ಲ, ನಮಗೆಲ್ಲಾ ಮೈ ಝುಂ ಅಂತು. ಅದು ಹೆಂಗ ಹೊಳೀತು?"

ಜೀವಮಾನದಲ್ಲಿ ಸುಳ್ಳು ಹೇಳಲು ಬಾರದ ಅತ್ತೆ ಯಂತ್ರದ ಹಿಂದಿನಿಂದ ಕೂಗಿದರು: "ಅದು ಕುಕ್ಕರ್ ಕೂಗಿದ್ದಕ್ಕ ರೀ!"

"ಕುಕ್ಕರ್ ಇಟ್ಟವರ್ಯಾರು?"

ನಲವತ್ತು ತಲೆಗಳು ನಮ್ಮವರ ಕಡೆ ತಿರುಗಿದವು. ಇವರು ಟವೆಲಿಗೆ ಕೈ ಒರೆಸಿಕೊಂಡು, ನಾಚಿ, ಮೆಲ್ಲಗೆ ಕೈ ಎತ್ತಿದರು. ನಗು ಶೆಡ್ಡಿನ ತಗಡು ಹಾರುವಂತೆ ಎದ್ದಿತು. ನನಗೂ ತಡೆಯಲಾಗಲಿಲ್ಲ, ಸೌಟು ಅಲ್ಲಾಡುವಷ್ಟು ನಕ್ಕೆ.

ಜನ ಊಟಕ್ಕೆ ಎದ್ದರು. ಇವರು ಶಾಲು ತೆಗೆದು ನನ್ನ ಹೆಗಲಿಗೆ ಹಾಕಿದರು. "ನಿನ್ನ ಹೆಸರ ನೀನ ನೋಡಿಲ್ಲಲ್ಲ? ಅಬೇದಾ ಭಾಬಿ, ಲೋಬಾನ ಹಾಕ್ರಿ. ಸ್ನೇಹಲ, ಇನ್ನೊಮ್ಮೆ ಒತ್ತು."

ಶೆಡ್ಡಿನಲ್ಲಿ ಉಳಿದಿದ್ದ ಅನ್ನದ ಕುಕ್ಕರೊಂದು ಬುಸುಗುಟ್ಟಿತು. ನನ್ನ ಕಾಲು ಎದ್ದೇಬಿಟ್ಟಿತು. ಇವರು ರಟ್ಟೆ ಹಿಡಿದು ನಿಲ್ಲಿಸಿದರು. "ನಿಂದರ. ನಾ ಹೊಕ್ಕೇನಿ." ಹೋದರು, ನಿಜಕ್ಕೂ ಹೋದರು.

ಹೊಗೆ ಏರಿತು. ಗೋಡೆಯ ತುಂಬ ಹಸಿರು ಬೆಳಕು ಹರಡಿತು. ನಾನು ಶಾಲು ಹೊದ್ದು, ಕತ್ತೆತ್ತಿ, ಕಣ್ಣು ಅಗಲಿಸಿ ನಿಂತೆ. ಹಿಂದೆ ಕುಕ್ಕರ್ ಒಮ್ಮೆ ಕೂಗಿತು. ಮತ್ತೊಮ್ಮೆ. ಮಗದೊಮ್ಮೆ.

"ಹೆಂಗೈತಿ ಅಕ್ಕಾ, ನಿಮ್ಮ ಹೆಸರು?" ಎಂದು ಸ್ನೇಹಲ ಆಸೆಯಿಂದ ಕೇಳಿದಳು.

"ಮೂರು," ಎಂದೆ ನಾನು.